ಮಗಳ ವೀಜಿಂಗ್ ವಿಷಯ ಬರೆಯಬೇಕೇ? ಮಕ್ಕಳ ವಿದೇಶ ಪ್ರವಾಸ ವಿಮೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಯಜಮಾನರು ಕಂಪನಿ ಕೆಲಸದ ಮೇಲೆ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಐದು ವರ್ಷದ ಮಗಳನ್ನೂ ಹತ್ತು ತಿಂಗಳ ಮಗನನ್ನೂ ಕರೆದುಕೊಂಡು ವಿಸಿಟರ್ ವೀಸಾ ಮೇಲೆ 80 ದಿನ ಇದ್ದುಬರೋಣ ಎಂದಿದ್ದೇನೆ. ದೋಹಾದಲ್ಲಿ ವಿಮಾನ ಬದಲಿಸಬೇಕು. ಚಳಿಗಾಲ ಶುರುವಾದರೆ ಮಗಳಿಗೆ ವೀಜಿಂಗ್ (ಉಬ್ಬಸ) ಬರುತ್ತದೆ, ಪಂಪ್ (ಇನ್ಹೇಲರ್) ಕೊಡುತ್ತೇವೆ. ಮೂವರಿಗೂ ಸೇರಿ 50 ಸಾವಿರ ಡಾಲರ್‌ನ ಫ್ಯಾಮಿಲಿ ಪಾಲಿಸಿ ಸಾಕು ಎಂದು ಏಜೆಂಟರು ಹೇಳಿದ್ದಾರೆ. ‘ಫಾರಂನಲ್ಲಿ ವೀಜಿಂಗ್ ವಿಷಯ ಬರೆಯೋದು ಬೇಡ ಮೇಡಂ, ಸುಮ್ಮನೆ ತೊಡಕಾಗುತ್ತೆ’ ಎಂದೂ ಅಂದರು. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಬರೆಯಿರಿ. ಉಳಿದದ್ದೆಲ್ಲ ಆಮೇಲೆ.

ನಾನು ಬಹಳ ವರ್ಷ ವಿಮಾ ಕಂಪನಿಯ ಕ್ಲೇಮ್ (ಪರಿಹಾರ) ವಿಭಾಗದಲ್ಲಿದ್ದವಳು. ಒಂದು ಕಡತ ಇವತ್ತಿಗೂ ಕಣ್ಣಮುಂದಿದೆ. ನಾಲ್ಕು ವರ್ಷದ ಹುಡುಗ, ಯುರೋಪಿನ ಒಂದು ಊರು, ನಡುರಾತ್ರಿ. ಉಸಿರು ಎಳೆಯುತ್ತಿದ್ದ ಮಗುವನ್ನು ತಾಯಿ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದಾರೆ. ನೆಬ್ಯುಲೈಸರ್ ಹಾಕುತ್ತ ಡಾಕ್ಟರು, ಹಿಂದೆ ಹೀಗೆ ಆಗಿತ್ತಾ ಎಂದು ಕೇಳಿದ್ದಾರೆ. ಹೌದು, ಎರಡು ವರ್ಷದವನಿದ್ದಾಗಿನಿಂದ ಪ್ರತಿ ಮಳೆಗಾಲದಲ್ಲೂ ಬರುತ್ತದೆ ಎಂದು ತಾಯಿ ಹೇಳಿದ್ದಾರೆ. ಅದು ಕೇಸ್ ಶೀಟಿನ ಮೊದಲ ಸಾಲಿನಲ್ಲೇ ದಾಖಲಾಯಿತು. ಇತ್ತ ಊರಿನಲ್ಲಿ ಏಜೆಂಟರು ತಮ್ಮ ಲ್ಯಾಪ್‌ಟಾಪಿನಲ್ಲಿ ತುಂಬಿದ ಪ್ರೊಪೋಸಲ್ ಫಾರಂನಲ್ಲಿ, ಅಂದರೆ ಪಾಲಿಸಿಯ ಅರ್ಜಿಯಲ್ಲಿ, ‘ಮೊದಲೇ ಇರುವ ಕಾಯಿಲೆ’ ಎಂಬುದರ ಎದುರು ‘ಇಲ್ಲ’ ಎಂದು ಟಿಕ್ ಬಿದ್ದಿತ್ತು. ಆ ತಾಯಿ ಫಾರಂ ನೋಡಿಯೇ ಇರಲಿಲ್ಲ. ಎರಡು ದಿನದ ಆಸ್ಪತ್ರೆ ಬಿಲ್ ಪೂರ್ತಿ ಅವರ ತಲೆ ಮೇಲೆ ಬಂತು.

ಆ ತಾಯಿ ಡಾಕ್ಟರಿಗೆ ಹೇಳಿದ್ದು ಸರಿಯೇ. ಮಗು ಉಸಿರಿಗೆ ಒದ್ದಾಡುತ್ತಿರುವಾಗ ಯಾವ ತಾಯಿಯೂ ಡಾಕ್ಟರ ಮುಂದೆ ಸುಳ್ಳು ಹೇಳುವುದಿಲ್ಲ, ಹೇಳಲೂಬಾರದು. ಅಂದರೆ ನಿಜ ಹೇಗೂ ಹೊರಬರುತ್ತದೆ. ಡಾಕ್ಟರಿಗೆ ಹೇಳುವ ಮಾತನ್ನೇ ಫಾರಂನಲ್ಲೂ ಬರೆಯಿರಿ. ಏಜೆಂಟರು ತುಂಬಿದರೂ ಹಣ ಕಟ್ಟುವ ಮೊದಲು ಇಡೀ ಫಾರಂ ನಿಮ್ಮ ಮೊಬೈಲಿಗೆ ತರಿಸಿಕೊಂಡು, ಒಂದೊಂದು ಟಿಕ್ಕನ್ನೂ ನೀವೇ ಓದಿ.

ಬರೆದ ಮಾತ್ರಕ್ಕೆ ವೀಜಿಂಗ್ ಖರ್ಚೆಲ್ಲ ಸಿಗುತ್ತದೆ ಎಂದುಕೊಳ್ಳಬೇಡಿ. ನಮ್ಮ ದೇಶದ ಹಲವು ಪ್ರವಾಸ ಪಾಲಿಸಿಗಳು ಮೊದಲೇ ಇರುವ ಕಾಯಿಲೆಗೆ ಹಣ ಕೊಡುವುದೇ ಇಲ್ಲ. ಇನ್ನು ಕೆಲವು ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದೂ ಮಗು ಸುಧಾರಿಸಿಕೊಳ್ಳುವವರೆಗೆ ಮಾತ್ರ, ಒಂದು ಮಿತಿಯೊಳಗೆ ಕೊಡುತ್ತವೆ. ಹಾಗಾಗಿ ಏಜೆಂಟರಿಗೆ ಕೇಳಬೇಕಾದ್ದು ಇದು: ‘ನನ್ನ ಮಗಳಿಗೆ ವೀಜಿಂಗ್ ಇದೆ ಎಂದು ಬರೆದುಕೊಟ್ಟ ಮೇಲೆ, ಅಲ್ಲಿ ಅದೇ ಜಾಸ್ತಿಯಾಗಿ ಅಡ್ಮಿಟ್ ಮಾಡಿದರೆ ಎಷ್ಟರವರೆಗೆ ಕೊಡುತ್ತೀರಿ?’ ಉತ್ತರ ಇಮೇಲ್‌ನಲ್ಲಿ ಬರಲಿ. ಬಾಯಿಮಾತಿಗೆ ಬೆಲೆಯಿಲ್ಲ. ಒಂದು ಕಂಪನಿ ಆಗದು ಎಂದರೆ ಇನ್ನೊಂದನ್ನು ಕೇಳಿ. ಮೊದಲೇ ಇರುವ ಕಾಯಿಲೆಯ ತುರ್ತಿಗೂ ರಕ್ಷಣೆ ಕೊಡುವ ಪ್ಲಾನ್‌ಗಳಿವೆ. ಪ್ರೀಮಿಯಂ ಹೆಚ್ಚು. ನಿಮ್ಮ ಸ್ಥಿತಿಯಲ್ಲಿ ಆ ಹೆಚ್ಚುವರಿ ಹಣ ಕೊಡಬೇಕಾದದ್ದೇ ಎಂಬುದು ನನ್ನ ಅಭಿಪ್ರಾಯ.

ಈಗ 50 ಸಾವಿರ ಡಾಲರ್ ವಿಚಾರ. ಷೆಂಗೆನ್ ವೀಸಾಗೆ, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾಗೆ, ಕನಿಷ್ಠ 30,000 ಯೂರೋ ರಕ್ಷಣೆ ಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ದಾಖಲು, ಚಿಕಿತ್ಸೆಗಾಗಿ ಊರಿಗೆ ವಾಪಸ್ ಕಳಿಸುವ ಖರ್ಚು, ಮರಣ ಸಂಭವಿಸಿದರೆ ಆಗುವ ಖರ್ಚು ಎಲ್ಲ ಅದರಲ್ಲಿರಬೇಕು, ಷೆಂಗೆನ್ ವಲಯದ ಎಲ್ಲ ದೇಶಗಳಲ್ಲೂ ಅದು ನಡೆಯಬೇಕು. ಇದು ವೀಸಾ ಕೌಂಟರ್ ದಾಟಲು ಬೇಕಾದ ಮೊತ್ತ ಅಷ್ಟೇ. ನಿಮ್ಮ ಏಜೆಂಟರು ಹೇಳುತ್ತಿರುವುದು ಫ್ಲೋಟರ್, ಅಂದರೆ ಮೂವರಿಗೂ ಒಂದೇ ಗಂಟು. ಮೂರು ಜನರಿಗೆ ಹಂಚಿದರೆ ಒಬ್ಬೊಬ್ಬರ ಪಾಲು ವೀಸಾದ ಕನಿಷ್ಠಕ್ಕೂ ಮುಟ್ಟುವುದಿಲ್ಲ. ಮಗಳು ನಾಲ್ಕು ದಿನ ಐಸಿಯುನಲ್ಲಿದ್ದರೆ ಆ ಗಂಟು ಎಷ್ಟು ಕರಗುತ್ತದೋ ಅಷ್ಟು ನಿಮಗೂ ಪುಟ್ಟನಿಗೂ ಕಡಿಮೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮೊತ್ತದ ಪಾಲಿಸಿಯೇ ವಾಸಿ. ಮಗಳದ್ದು ಒಂದು ಲಕ್ಷ ಡಾಲರ್‌ನದ್ದಾಗಿರಲಿ.

ಪುಟ್ಟನಿಗೂ ಪಾಸ್‌ಪೋರ್ಟ್, ವೀಸಾ ಅರ್ಜಿ, ವಿಮೆ ಎಲ್ಲ ಬೇಕೇ ಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಷೆಂಗೆನ್ ವೀಸಾ ಶುಲ್ಕ ಇಲ್ಲ, ಹಾಗೆಂದು ವಿಮೆಗೆ ವಿನಾಯಿತಿ ಇಲ್ಲ. ಅನೇಕ ಕಂಪನಿಗಳು ಆರು ತಿಂಗಳು ತುಂಬಿದ ಮಗುವಿಗೆ ಪಾಲಿಸಿ ಕೊಡುತ್ತವೆ, ಆ ತೊಡಕು ನಿಮಗಿಲ್ಲ. ಫಾರಂನಲ್ಲಿ ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು, ಅಪ್ಪನ ಇನಿಶಿಯಲ್ ಅದಲುಬದಲಾಗಿ ಕ್ಲೇಮ್ ವಾರಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ. ಲಸಿಕೆ ಖರ್ಚು ಪ್ರವಾಸ ವಿಮೆಯಲ್ಲಿ ಬರುವುದಿಲ್ಲ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆ ಆಗಿದೆಯೇ ನೋಡಿಕೊಂಡು, ತಾಯಿ ಕಾರ್ಡಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ದೋಹಾ ಎಂದಿರಿ. ‘ಷೆಂಗೆನ್ ಮಾತ್ರ’ ಎಂಬ ಅಗ್ಗದ ಪ್ಲಾನ್ ತೆಗೆದುಕೊಂಡರೆ ದೋಹಾ ನಿಲ್ದಾಣದಲ್ಲಿ ಮಗುವಿಗೆ ವಾಂತಿ ಹಿಡಿದರೆ ಅದು ಉಪಯೋಗಕ್ಕೆ ಬಾರದೇ ಹೋಗಬಹುದು. ಅಲ್ಲಿದ್ದಾಗ ಲಂಡನ್ ನೋಡಿಬರೋಣ ಎನಿಸಿದರೂ ಅಷ್ಟೇ, ಬ್ರಿಟನ್ ಷೆಂಗೆನ್ ಅಲ್ಲ. ‘ಅಮೆರಿಕ, ಕೆನಡಾ ಬಿಟ್ಟು ಪ್ರಪಂಚ’ ಎಂಬ ಪ್ಲಾನ್ ಕೇಳಿ. ಅವಧಿಯನ್ನು ಮನೆ ಬಿಡುವ ದಿನದಿಂದ ಹಿಡಿದು, ವಾಪಸ್ ಬರುವ ದಿನದ ಮೇಲೆ ಒಂದು ವಾರ ಸೇರಿಸಿ ತೆಗೆದುಕೊಳ್ಳಿ.

ನಿಜ ಹೇಳಬೇಕೆಂದರೆ ಮಕ್ಕಳಿಗೆ ಅಲ್ಲಿ ಬರುವುದು ಹೆಚ್ಚಾಗಿ ಸಣ್ಣಪುಟ್ಟದ್ದೇ: ಜ್ವರ, ಕಿವಿನೋವು, ಭೇದಿ, ಬಿದ್ದು ಗಾಯ. ಇವಕ್ಕೆ ಡಾಕ್ಟರ ಹತ್ತಿರ ಹೋಗಿ ಬಂದ ಬಿಲ್ಲಿನಲ್ಲಿ ಸಾಮಾನ್ಯವಾಗಿ ಮೊದಲ 100 ಡಾಲರ್ ನಿಮ್ಮದೇ. ಅದನ್ನು ಡಿಡಕ್ಟಿಬಲ್ ಎನ್ನುತ್ತಾರೆ. ಅದಕ್ಕೂ ಕಡಿಮೆ ಬಿಲ್ ಬಂದರೆ ವಿಮೆಯಿಂದ ಪೈಸೆಯೂ ಬರುವುದಿಲ್ಲ. ಡಿಡಕ್ಟಿಬಲ್ ಇಲ್ಲದ ಪ್ಲಾನ್ ಸಿಕ್ಕರೆ ಮಕ್ಕಳಿರುವವರಿಗೆ ಅದು ಬಹಳ ಅನುಕೂಲ. ಅಡ್ಮಿಟ್ ಆಗದ ಚಿಕಿತ್ಸೆಗೆ ಮೊದಲು ನೀವು ಕಟ್ಟಿ, ಆಮೇಲೆ ವಾಪಸ್ ಪಡೆಯಬೇಕಾಗುತ್ತದೆ. ಬಿಲ್, ಔಷಧ ಚೀಟಿ, ಹಣ ಕಟ್ಟಿದ ರಸೀದಿ ಮೂರನ್ನೂ ಆ ದಿನವೇ ಫೋಟೊ ಹೊಡೆದಿಡಿ. ಅಡ್ಮಿಟ್ ಮಾಡಬೇಕೆಂದರೆ ಕೂಡಲೇ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ. ತಡವಾಗಿ ತಿಳಿಸಿದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಕೈತಪ್ಪಬಹುದು. ಆ ನಂಬರ್ ನಿಮ್ಮ ಯಜಮಾನರ ಮೊಬೈಲಿನಲ್ಲೂ ಇರಲಿ. ಜರ್ಮನಿಯಲ್ಲಿ ಪ್ರಾಣಾಪಾಯಕ್ಕೆ 112; ಅಷ್ಟು ತುರ್ತಲ್ಲ, ಆದರೆ ರಾತ್ರಿಯೋ ಭಾನುವಾರವೋ ಡಾಕ್ಟರು ಬೇಕು ಎಂದಾದರೆ 116117.

ಹೊರಡುವ ಮುಂಚೆ ನಿಮ್ಮ ಮಕ್ಕಳ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ: ವೀಜಿಂಗ್ ಯಾವಾಗಿನಿಂದ, ಕೊನೆಯ ಬಾರಿ ಯಾವಾಗ ಬಂತು, ಯಾವ ಔಷಧ, ಎಷ್ಟು ಪಫ್. ಔಷಧದ ಮೂಲ ಹೆಸರು ಅದರಲ್ಲಿರಲಿ, ನಮ್ಮ ಬ್ರಾಂಡ್ ಹೆಸರು ಅಲ್ಲಿನವರಿಗೆ ಗೊತ್ತಾಗದು. ಪಂಪ್, ಸ್ಪೇಸರ್, ಮಾಸ್ಕ್ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ.

ಇನ್ನೊಂದು ಮಾತು. ನಿಮ್ಮ ಸ್ವಂತ ಪಾಲಿಸಿಯನ್ನು ಮಾತ್ರ ಅಗ್ಗದ್ದು ಮಾಡಿಕೊಳ್ಳಬೇಡಿ. ಎಷ್ಟೋ ತಾಯಂದಿರು ಹಾಗೆ ಮಾಡುತ್ತಾರೆ. ಜೊತೆಗಿರುವ ದೊಡ್ಡವರೇ ಆಸ್ಪತ್ರೆ ಸೇರಿದರೆ ಮಕ್ಕಳನ್ನು ಊರಿಗೆ ಕಳಿಸುವ ಟಿಕೆಟ್ ಖರ್ಚು ಕೊಡುವ ಸೌಲಭ್ಯ ಕೆಲವು ಪಾಲಿಸಿಗಳಲ್ಲಿದೆ. ಅದು ಇರುವುದು ದೊಡ್ಡವರ ಪಾಲಿಸಿಯ ಬಲದ ಮೇಲೆ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳನ್ನು ಶಾಲೆಯವರು ಐದು ದಿನ ಸಿಂಗಪುರಕ್ಕೆ ಕರೆದೊಯ್ಯುತ್ತಾರೆ. ‘ವಿಮೆ ಪ್ಯಾಕೇಜಿನಲ್ಲೇ ಇದೆ’ ಎಂದಿದ್ದಾರೆ. ಅಷ್ಟು ಸಾಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಕೋ ಇಲ್ಲವೋ ಎಂಬುದು ಸರ್ಟಿಫಿಕೇಟ್ ನೋಡಿದ ಮೇಲೆ ತಿಳಿಯುವ ವಿಷಯ. ಮಗಳ ಹೆಸರು, ಪಾಸ್‌ಪೋರ್ಟ್ ನಂಬರ್ ಇರುವ ಪ್ರತಿಯನ್ನು ಶಾಲೆಯಿಂದ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಅದರಲ್ಲಿ ಎರಡು ವಿಷಯ ಹುಡುಕಿ. ಒಂದು, ಸಾಹಸ ಕ್ರೀಡೆಯನ್ನು ಪಾಲಿಸಿಯಿಂದ ಹೊರಗಿಟ್ಟಿದ್ದಾರೆಯೇ ಎಂದು. ಕಾರ್ಯಕ್ರಮದಲ್ಲಿ ಜಿಪ್‌ಲೈನ್ ಇದ್ದು, ಪಾಲಿಸಿಯಲ್ಲಿ ಅದು ಹೊರಗಿದ್ದರೆ ಶಾಲೆಗೆ ಈಗಲೇ ಪತ್ರ ಬರೆಯಿರಿ. ಎರಡು, ಮಗು ಆಸ್ಪತ್ರೆಯಲ್ಲಿ ಉಳಿಯಬೇಕಾದರೆ ತಂದೆ ಅಥವಾ ತಾಯಿ ಹೋಗಿ ಬರುವ ಟಿಕೆಟ್ ಖರ್ಚು ಸಿಗುತ್ತದೆಯೇ ಎಂದು. ಹಲವು ಪಾಲಿಸಿಗಳಲ್ಲಿ ಇಷ್ಟು ದಿನ ದಾಖಲಾಗಿದ್ದರೆ ಮಾತ್ರ ಎಂಬ ಷರತ್ತಿರುತ್ತದೆ. ಹಣ ಸಿಕ್ಕರೂ ನಿಮ್ಮ ಪಾಸ್‌ಪೋರ್ಟೇ ಇಲ್ಲದಿದ್ದರೆ ಏನು ಮಾಡುತ್ತೀರಿ? ಸಿಂಗಪುರಕ್ಕೆ ನಮಗೆ ವೀಸಾ ಕೂಡ ಬೇಕು. ಮಗಳು ಹೊರಡುವ ಮೊದಲು ನಿಮ್ಮಿಬ್ಬರಲ್ಲಿ ಒಬ್ಬರ ಪಾಸ್‌ಪೋರ್ಟಾದರೂ ಚಾಲ್ತಿಯಲ್ಲಿರಲಿ.

ಪ್ರಶ್ನೆ: ದುಬೈನಲ್ಲಿ ನಮ್ಮ ಆರು ವರ್ಷದ ಮಗ ಬಿದ್ದು ಕೈ ಮುರಿದುಕೊಂಡ. ಎರಡು ವರ್ಷದವನಿದ್ದಾಗ ಅವನಿಗೆ ಒಮ್ಮೆ ಜ್ವರಕ್ಕೆ ಫಿಟ್ಸ್ ಬಂದಿತ್ತು. ಫಾರಂನಲ್ಲಿ ಅದನ್ನು ಬರೆಯುವುದು ನಮಗೆ ಹೊಳೆಯಲಿಲ್ಲ. ಅದೇ ಕಾರಣ ಕೊಟ್ಟು ಕ್ಲೇಮ್ ತಿರಸ್ಕರಿಸಿದ್ದಾರೆ.
— ಓದುಗರು, ಶಿವಮೊಗ್ಗ

ಉತ್ತರ: ಬರೆಯಿರಿ ಎಂದು ಮೇಲೆ ಅಷ್ಟು ಹೇಳಿದವಳು ಇಲ್ಲಿ ನಿಮ್ಮ ಪರ ನಿಲ್ಲುತ್ತೇನೆ. ನಾಲ್ಕು ವರ್ಷದ ಹಿಂದೆ ಒಮ್ಮೆ ಬಂದು ಹೋದ ಜ್ವರದ ಫಿಟ್ಸಿಗೂ ಕೈ ಮುರಿದದ್ದಕ್ಕೂ ಸಂಬಂಧವಿಲ್ಲ. ಇದನ್ನೇ ಹಿಡಿದು ಹೋರಾಡಿ. ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಲಿಖಿತ ದೂರು ಕೊಡಿ. ಕೈ ಮುರಿದದ್ದು ಬಿದ್ದದ್ದರಿಂದಲೇ, ಬೀಳುವಾಗ ಫಿಟ್ಸ್ ಬಂದಿರಲಿಲ್ಲ ಎಂದು ದುಬೈ ಡಾಕ್ಟರು ಬರೆದಿದ್ದರೆ ಆ ಸಾಲಿಗೆ ಗುರುತು ಹಾಕಿ ಲಗತ್ತಿಸಿ. ಮಗನಿಗೆ ಆಮೇಲೆ ಫಿಟ್ಸ್ ಬಂದಿಲ್ಲ, ಔಷಧವೂ ಇಲ್ಲ ಎಂದಾದರೆ ನಿಮ್ಮ ಊರಿನ ಮಕ್ಕಳ ಡಾಕ್ಟರಿಂದ ಹಾಗೆಂದು ಬರೆಸಿ ಸೇರಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಫೋನ್ 155255.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ನ್ಯಾಯ ಎನಿಸದಿದ್ದರೆ, ಇಂಥ ದೂರು ವಿಚಾರಿಸಿ ತೀರ್ಪು ಕೊಡುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ದೂರು ತೆಗೆದುಕೊಳ್ಳುತ್ತಾರೆ. ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು, ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ಅರ್ಜಿ ಹೋಗಬೇಕು. ನಿಮ್ಮ ತಿರಸ್ಕಾರ ಪತ್ರದ ತಾರೀಕು ಇವತ್ತೇ ನೋಡಿಕೊಳ್ಳಿ.