ಮೂರನೇ ಪುಟದಿಂದ ಶುರು ಮಾಡಿ

ಪ್ರಿಯ ಲೇಖಕರೆ,

ನಿಮ್ಮ ‘ಸ್ವಸಹಾಯ ಪುಸ್ತಕಗಳು: ವರವೋ ಶಾಪವೋ?’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಹಾಕಿಕೊಳ್ಳದ ಲೇಖನಕ್ಕೆ ಎರಡು ಸಾಲು ಬರೆದು ಸುಮ್ಮನಾಗುವುದು ನಮ್ಮ ರೂಢಿ. ಇಷ್ಟುದ್ದ ಬರೆಯುತ್ತಿರುವುದಕ್ಕೆ ನಿಮ್ಮ ಮೂರನೇ ಪುಟ ಕಾರಣ.

ಮೊದಲ ಎರಡು ಪುಟಗಳಲ್ಲಿ ಬದುಕು ತಿದ್ದಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವ ಈ ಪುಸ್ತಕಗಳಿಂದ ಲಾಭ ಐದು, ನಷ್ಟ ಐದು ಎಂದು ಪಟ್ಟಿ ಮಾಡಿದ್ದೀರಿ. ಕೊನೆಯ ಪುಟದಲ್ಲಿ ‘ಹಂಸವು ನೀರನ್ನು ಬಿಟ್ಟು ಹಾಲನ್ನು ಕುಡಿಯುವಂತೆ ಓದುಗನು ಒಳ್ಳೆಯದನ್ನು ಮಾತ್ರ ಸ್ವೀಕರಿಸಬೇಕು’ ಎಂದು ಮುಗಿಸಿದ್ದೀರಿ. ನಮ್ಮ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿ ಬೇಕಾದಷ್ಟಿವೆ, ಹಂಸವನ್ನು ನಾನಂತೂ ಕಂಡಿಲ್ಲ. ಉಪದೇಶ ಸಾಕಾಗಿದೆ ಎಂದು ಹೇಳಹೊರಟ ಲೇಖನ ತಾನೇ ಉಪದೇಶವಾಗಿ ಮುಗಿದಿದ್ದನ್ನು ನೀವು ಗಮನಿಸಲಿಲ್ಲವೇ?

ಮೂರನೇ ಪುಟದ ಆ ನಾಲ್ಕು ಸಾಲುಗಳನ್ನು ಇಲ್ಲಿ ಮತ್ತೆ ಬರೆಯುತ್ತೇನೆ: ‘ಬೆಳಗಿನ ಐದಕ್ಕೆ ಏಳಬೇಕು ಅಂತ ಓದಿ ಅಲಾರಂ ಇಟ್ಟು ಎದ್ದೆ. ಅಪ್ಪ ಆಗಷ್ಟೇ ಕಾಲುವೆ ಕಡೆಯಿಂದ ಬಂದು ಕಾಲು ತೊಳೆಯುತ್ತಿದ್ದ. ರಾತ್ರಿಯೆಲ್ಲ ತೂಬು ಕಾದಿದ್ದ. ನನ್ನ ನೋಡಿ, ಯಾಕ ಎದ್ದಿ, ಇನ್ನಾ ಹೊತ್ತೈತಿ, ಮಲಕೊ ಅಂದ.’

ಇದರ ಮರುಸಾಲಿನಲ್ಲೇ ‘ಹೀಗೆ ಪ್ರತಿಯೊಬ್ಬರ ಪರಿಸ್ಥಿತಿಯೂ ಭಿನ್ನವಾಗಿರುತ್ತದೆ’ ಎಂದು ಬರೆದು ಅಪ್ಪನನ್ನು ಅಲ್ಲೇ ಬಿಟ್ಟು ಮುಂದೆ ಹೋಗಿದ್ದೀರಿ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಮಾನ್ವಿ ಕಡೆಯ ನಿಮಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ ಅಂದರೆ ಏನು ಎಂದು ನಾನು ಹೇಳಬೇಕಿಲ್ಲ. ಆದರೆ ತುಮಕೂರಿನಲ್ಲೋ ಪುತ್ತೂರಿನಲ್ಲೋ ಕೂತು ಓದುವವರಿಗೆ ನೀವು ಹೇಳಲೇಬೇಕು. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಬರುವಷ್ಟರಲ್ಲಿ ನೀರು ಎಷ್ಟು ಉಳಿದಿರುತ್ತದೆ, ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡರೆ ಕೆಳಗೆ ಏನಾಗುತ್ತದೆ, ‘69ನೇ ಮೈಲಿನಾಗ ಗೇಜ್ ಇಲ್ಲ’, ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ ಸಾಲದು, ಎಂಬ ಒಂದು ಮಾತಿಗೆ ಊರೆಲ್ಲ ಯಾಕೆ ಟ್ರ್ಯಾಕ್ಟರ್ ಹತ್ತಿ ಹೊರಡುತ್ತದೆ, ಇದೆಲ್ಲ ಬರಲಿ. ಆಗ ಐದು ಗಂಟೆಯ ಅಲಾರಂ ತಾನಾಗಿಯೇ ನಗೆ ತರಿಸುತ್ತದೆ. ನೀವು ಟೀಕೆ ಮಾಡುವ ಅಗತ್ಯವೂ ಬೀಳುವುದಿಲ್ಲ.

‘ನಮ್ಮ ಕೈಯಲ್ಲಿರುವುದರ ಮೇಲೆ ಮಾತ್ರ ಗಮನ ಕೊಡಬೇಕು’ ಎಂಬ ಮಾತನ್ನು ಈಗಿನ ಭಾಷಣಕಾರರ ಕೊಡುಗೆ ಎಂದಿದ್ದೀರಿ. ಅದು ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದಲ್ಲಿ ಎಪಿಕ್ಟೀಟಸ್ ಎಂಬ ತತ್ವಜ್ಞಾನಿ ಕಲಿಸಿದ್ದು ಇದನ್ನೇ. ಅವನು ಗುಲಾಮನಾಗಿ ಹುಟ್ಟಿದವನು. ತನ್ನ ದೇಹವೇ ಮತ್ತೊಬ್ಬನ ಸೊತ್ತಾಗಿದ್ದವನು ಹೀಗೆ ಹೇಳಿದರೆ ಕೇಳಬೇಕು ಅನ್ನಿಸುತ್ತದೆ. ಹೋಟೆಲಿನ ಎ.ಸಿ. ಹಾಲ್‌ನಲ್ಲಿ ಟಿಕೆಟ್ ಇಟ್ಟು ಅದೇ ಮಾತು ಹೇಳುವವನು ತನ್ನ ಕೈಯಲ್ಲಿ ಏನೇನು ಇಲ್ಲ ಎಂದು ಮೊದಲು ತಿಳಿಸಲಿ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ತುಂಗಭದ್ರಾ ಜಲಾಶಯದಲ್ಲಿ ನೀರು ಹೊರಬಿಡುವ 19ನೇ ಕ್ರಸ್ಟ್‌ಗೇಟ್‌ನ ಚೈನ್ ಕಡಿದು ಗೇಟ್ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ತಡೆಯುವ ಹೊತ್ತಿಗೆ ವಾರ ಕಳೆದಿತ್ತು. ಆ ವಾರ ನಿಮ್ಮ ಮನೆಯಲ್ಲಿ ಯಾರು ಏನು ಮಾತಾಡಿದರು? ನಿಮ್ಮ ಚೀಲದಲ್ಲಿ ಆಗ ಯಾವ ಪುಸ್ತಕವಿತ್ತು? ನೆನಪಿದ್ದರೆ ಬರೆಯಿರಿ, ನೆನಪಿಲ್ಲದಿದ್ದರೆ ಬೇಡ.

ಇನ್ನೊಂದು ತಪ್ಪು. ಈ ಬಗೆಯ ಬರವಣಿಗೆ ‘20ನೇ ಶತಮಾನದ ಅಮೆರಿಕದಲ್ಲಿ ಹುಟ್ಟಿತು’ ಎಂದಿದ್ದೀರಿ. ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್ ‘ಸೆಲ್ಫ್ ಹೆಲ್ಪ್’ ಎಂಬ ಹೆಸರಿನಲ್ಲೇ ಪುಸ್ತಕ ಹೊರತಂದದ್ದು 1859ರಲ್ಲಿ. ಅಷ್ಟು ದೂರವಾದರೂ ಯಾಕೆ? ನೀವು ಕೆಲಸ ಮಾಡುವ ಸಿಂಧನೂರಿನಿಂದ ಲಿಂಗಸೂಗೂರು ಬಸ್ ಹತ್ತಿದರೆ ದಾರಿಯಲ್ಲಿ ಮಸ್ಕಿ ಬರುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಅಲ್ಲಿ ಬಿದ್ದ ಬಂಡೆಯನ್ನು ನಾವೆಲ್ಲ ‘ಅಶೋಕನ ಹೆಸರಿರುವ ಶಾಸನ’ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟಿದ್ದೇವೆ. ಒಳಗೇನಿದೆ ಎಂದು ಓದಿದವರು ಕಡಿಮೆ. ಅದೇ ಶಾಸನ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಇದೆ. ಬೇರೆ ಬೇರೆ ಕಡೆ ಉಳಿದ ಪಾಠಗಳನ್ನು ಕೂಡಿಸಿ ಓದಿದರೆ ರಾಜ ಹೇಳುವುದು ಇಷ್ಟು: ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಒಂದು ವರ್ಷ ಅಂಥ ಶ್ರಮವನ್ನೇನೂ ಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದಮೇಲೆ ಶ್ರಮ ಪಟ್ಟೆ, ಇದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ. ಉಪದೇಶಕ್ಕೆ ಮೊದಲು ತನ್ನ ಸೋಮಾರಿತನದ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆಸಿದ್ದಾನೆ. ನೀವು ಓದಿದ ಪುಸ್ತಕಗಳಲ್ಲಿ ಎಷ್ಟು ಜನ ಈ ಲೆಕ್ಕ ಕೊಟ್ಟಿದ್ದಾರೆ? ನಿಮ್ಮ ಲೇಖನದಲ್ಲಿ ನೀವು ಕೊಟ್ಟಿದ್ದೀರಾ?

ಕೊಟ್ಟಿದ್ದೀರಿ, ಅರ್ಧ. ಒಂದು ಪುಸ್ತಕದ ಮಾತು ಕೇಳಿ ದಿನದ ಖರ್ಚು ಬರೆದಿಡಲು ಶುರು ಮಾಡಿದೆ, ‘ಅದರಿಂದ ಬಹಳ ಉಪಯೋಗವಾಯಿತು’ ಎಂದಿದ್ದೀರಿ. ಮುಂದೆ ಎಲ್ಲೋ ದೂರದಲ್ಲಿ, ಯಾವ ಸಂಬಂಧವೂ ಇಲ್ಲದಂತೆ, ದಲಾಲಿ ಅಂಗಡಿಯ ಸಾಲಕ್ಕೆ ಅಪ್ಪ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟುತ್ತಿದ್ದದ್ದು ಗೊತ್ತಾಯಿತು ಎಂದಿದ್ದೀರಿ. ಇವೆರಡೂ ಒಂದೇ ಮಾತಲ್ಲವೇ? ಚಹಾ ಬಿಟ್ಟರೆ ಹಣ ಉಳಿಯುತ್ತದೆ ಎಂದು ಪುಸ್ತಕ ಹೇಳಿತು. ನೀವು ನೋಟುಬುಕ್ ತೆಗೆದಿರಿ. ವರ್ಷಕ್ಕೆ ನೂರಕ್ಕೆ ಇಪ್ಪತ್ನಾಲ್ಕು ಬಡ್ಡಿಯ ಮುಂದೆ ಚಹಾ ಎಲ್ಲಿ ನಿಲ್ಲುತ್ತದೆ ಎಂದು ಅದೇ ನೋಟುಬುಕ್ ತೋರಿಸಿತು. ಪುಸ್ತಕ ಕೊಟ್ಟ ಅಭ್ಯಾಸ ಒಳ್ಳೆಯದು, ಅದು ಕೊಟ್ಟ ಕಾರಣ ಸುಳ್ಳು. ಈ ಪುಸ್ತಕಗಳ ಬಗ್ಗೆ ನಿಮ್ಮ ಮನಸ್ಸು ಎರಡಾಗಿರುವುದು ಇಲ್ಲಿ. ಐದು ಲಾಭ ಐದು ನಷ್ಟದ ಪಟ್ಟಿಯಲ್ಲಿ ಅದು ಸಿಗುವುದಿಲ್ಲ.

ಓದುಗರನ್ನು ‘ಮೋಸ ಹೋಗುವ ಯುವಜನತೆ’ ಎಂದು ಬೈದಿರುವ ಪ್ಯಾರಾ ತೆಗೆಯಿರಿ. ನಾನು ಒಪ್ಪುವುದಿಲ್ಲ. ರಾಯಚೂರಿನ ತೀನ್ ಕಂದೀಲ್ ಕಡೆ ಪೇಟೆಗೆ ಬಂದು ಇಂಥ ಪುಸ್ತಕ ಕೊಳ್ಳುವ ದೇವದುರ್ಗದ ಹುಡುಗಿಯ ಮನೆಯಲ್ಲಿ ಸಂದರ್ಶನಕ್ಕೆ ಕೂತವರು ಯಾರೂ ಇರುವುದಿಲ್ಲ. ಒಳಗೆ ಹೋದಾಗ ಹೇಗೆ ನಮಸ್ಕಾರ ಮಾಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಗೆ ಹೇಳಬೇಕು, ಓದಿಗೆ ವೇಳಾಪಟ್ಟಿ ಹೇಗೆ ಹಾಕಿಕೊಳ್ಳಬೇಕು ಎಂಬುದನ್ನು ನೌಕರಿಯ ಮನೆಗಳಲ್ಲಿ ಕಾಕಾ, ಮಾಮಾ ಊಟದ ಹೊತ್ತಿಗೆ ಪುಕ್ಕಟೆ ಹೇಳಿರುತ್ತಾರೆ. ಅವಳು ಅದಕ್ಕೆ ದುಡ್ಡು ಕೊಟ್ಟು ಪುಸ್ತಕ ತರುತ್ತಾಳೆ. ಇಂಥ ಪುಸ್ತಕಗಳನ್ನು ಗೇಲಿ ಮಾಡುವವರು ಹೆಚ್ಚಾಗಿ ಕಾಕಾ ಇದ್ದವರು.

ಇನ್ನು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲದ ಸಂಗತಿ. ಜೊತೆಗಿಟ್ಟ ಪತ್ರದಲ್ಲಿ ‘ಗೊಬ್ಬರ-ಎಣ್ಣಿ ಅಂಗಡಿಯಲ್ಲಿ ಕೆಲಸ’ ಎಂದು ಒಂದು ಸಾಲು ಬರೆದಿದ್ದೀರಿ. ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ. ಅಂದರೆ ಬೆಳಗಿನಿಂದ ರಾತ್ರಿಯವರೆಗೆ ನೀವು ಮಾಡುವುದು ಸಲಹೆ ಕೊಡುವ ಕೆಲಸವೇ! ರೈತ ಬಾಡಿದ ಗಿಡ ಹಿಡಿದು ಬಂದು ‘ಯಾವ ಎಣ್ಣಿ ಹೊಡೀಲಿ ತಮ್ಮಾ’ ಎಂದು ಕೇಳುತ್ತಾನೆ, ನೀವು ಡಬ್ಬಿ ತೋರಿಸುತ್ತೀರಿ. ಆ ಡಬ್ಬಿ ಗಿಡದ ರೋಗಕ್ಕೆ ತಕ್ಕದ್ದೋ, ಸಾಹುಕಾರರು ಈ ವಾರ ಖಾಲಿಯಾಗಲಿ ಎಂದದ್ದೋ? ಉದ್ರಿ ಒಯ್ಯುವವನಿಗೂ ನಗದು ಕೊಡುವವನಿಗೂ ಒಂದೇ ಸಲಹೆಯೇ? ನಿಮ್ಮ ಸಲಹೆ ಫಲಿಸದೆ ತಿರುಗಿ ಬಂದವನಿಗೆ ಏನು ಹೇಳುತ್ತೀರಿ? ಸಲಹೆ ಮಾರುವವರ ಬಗ್ಗೆ ಕೌಂಟರಿನ ಒಳಗಿನಿಂದ ಬರೆಯಬಲ್ಲವರು ನಮಗೆ ಬರೆಯುವವರಲ್ಲಿ ನೀವೊಬ್ಬರೇ. ಅದನ್ನು ಬಿಟ್ಟು ಹಂಸದ ಕಡೆ ಹೋಗಿದ್ದೀರಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮೈಂಡ್‌ಸೆಟ್’, ‘ಕಂಫರ್ಟ್ ಝೋನ್’ ಪ್ಯಾರಾಕ್ಕೊಂದು ಬಂದಿವೆ. ಪುಸ್ತಕದವರ ಮಾತಾಗಿ ಬಂದರೆ ಇರಲಿ, ನಿಮ್ಮ ಮಾತಾಗಿ ಬೇಡ. ಅಪ್ಪನ ಮಾತನ್ನು ಮಾನ್ವಿ ಕನ್ನಡದಲ್ಲೇ ಉಳಿಸಿ, ನಮ್ಮಲ್ಲಿ ಯಾರೂ ತಿದ್ದುವುದಿಲ್ಲ. ದಾಸರ ಪದವೊಂದನ್ನು ಶುರುವಿಗೆ ಅಂಟಿಸಿದ್ದೀರಿ. ವಿಜಯದಾಸರು, ಜಗನ್ನಾಥದಾಸರು ನಡೆದಾಡಿದ ತಾಲ್ಲೂಕಿನವರು ನೀವು, ಆಸೆ ಸಹಜ. ಆದರೂ ತೆಗೆಯಿರಿ, ಲೇಖನಕ್ಕೆ ಅದರಿಂದ ಏನೂ ಆಗುತ್ತಿಲ್ಲ.

ಮೂರನೇ ಪುಟದಿಂದ ಶುರು ಮಾಡಿ, ಅಂಗಡಿಯನ್ನು ಒಳಗೆ ತನ್ನಿ, ಸಾವಿರದ ಇನ್ನೂರು ಪದಗಳಲ್ಲಿ ಮತ್ತೆ ಬರೆದು ಕಳಿಸಿ. ಸಾಹುಕಾರರ ಹೆಸರು, ಅಂಗಡಿಯ ಹೆಸರು ಬೇಡ. ನಿಮ್ಮ ಕೆಲಸಕ್ಕೆ ಕುತ್ತು ಬರುವುದಾದರೆ ಬೇರೆ ಹೆಸರಿನಲ್ಲಿ ಹಾಕೋಣ. ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳಿ. ಬಡ್ಡಿಯ ಅಂಕಿ ನಾಲ್ಕು ಜನರಿಗೆ ತಿಳಿಯುವುದು ಅವರಿಗೆ ಬೇಡವಾದರೆ ಆ ಭಾಗ ತೆಗೆದೇ ಕಳಿಸಿ. ನಾಟಿ ಮುಗಿದ ಮೇಲೆ ಬಂದರೂ ನಡೆಯುತ್ತದೆ.

ಇತಿ,
ಸಂಪಾದಕ
ಬಳ್ಳಾರಿ