ಟಿಸಿಗೆ ಅವಸರ ಬೇಡ

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು ಓದುವ ಮಗನಿಗೆ ಇನ್ನೂ ಒತ್ತಕ್ಷರ ಬರುವುದಿಲ್ಲ. ಕೇಳಿದರೆ ಮೇಷ್ಟ್ರು ‘ಮನೆಯಲ್ಲಿ ನೀವು ಓದಿಸಲ್ಲ’ ಅಂತಾರೆ. ಸಭೆಯಲ್ಲಿ ಬರೀ ಜಗಳ. ಟಿಸಿ ತಗೊಂಡು ಕಾನ್ವೆಂಟಿಗೆ ಹಾಕಲೇ?

ಉತ್ತರ: ಈಗಲೇ ಬೇಡಮ್ಮಾ. ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ, ಮೇಷ್ಟ್ರು ಒಂದೊಂದು ಮಗುವಿನ ಪಕ್ಕವೂ ಕೂರಬೇಕು, ಅವರೇ ಬಿಸಿಯೂಟದ ಲೆಕ್ಕ ಬರೆಯುತ್ತಿದ್ದರೆ ಒತ್ತಕ್ಷರ ತಿದ್ದಿಸುವವರು ಯಾರು? ಹಾಗಂತ ತಪ್ಪನ್ನು ನಿಮ್ಮ ಮೇಲೆ ಹಾಕುವುದು ಸರಿಯಲ್ಲ. ಓದು ಕಲಿಸುವುದು ಶಾಲೆಯ ಕೆಲಸವೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಬೇಕು. ನಿಮ್ಮಲ್ಲಿ ಇದ್ದಾರಾ? ಇಲ್ಲದಿದ್ದರೆ ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ನಿರ್ಣಯ ಬರೆಸಿ, ಮೇಷ್ಟ್ರನ್ನೂ ಜೊತೆಗೆ ಕರೆದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ.