10 ಸೆಂಟಿಮಾರ್ಗನ್ ಹೊಂದಿಕೆಯಾದರೆ ಐದು ತಲೆಮಾರಿನ ನಂಟೇ?

ಡಿಎನ್‌ಎ ಪರೀಕ್ಷೆಯಲ್ಲಿ ನಿಮಗೂ, ಪರಿಚಯವೇ ಇಲ್ಲದ ಒಬ್ಬರಿಗೂ 10 ಸೆಂಟಿಮಾರ್ಗನ್ (ಡಿಎನ್‌ಎ ತುಣುಕಿನ ಉದ್ದ ಅಳೆಯುವ ಮಾನ) ಉದ್ದದ ಒಂದು ಡಿಎನ್‌ಎ ತುಣುಕು ಹೊಂದಿಕೆಯಾಗಿದೆ, ಐದು ತಲೆಮಾರಿನ ಹಿಂದೆ ಇಬ್ಬರಿಗೂ ಅಜ್ಜ ಒಬ್ಬನೇ ಎನ್ನಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ವಂಶವೃಕ್ಷದಲ್ಲಿ ಈಗಲೇ ಅವರ ಹೆಸರು ಬರೆಯಬೇಡಿ. ಆ ಅಜ್ಜ ಸಾವಿರ ವರ್ಷ ಹಿಂದಿನವನೂ ಆಗಿರಬಹುದು.

ನಿಮ್ಮ ಲೆಕ್ಕದ ಮೂಲ ನನಗೆ ಗೊತ್ತು, ಮೊದಲು ನಾನೂ ಅದನ್ನೇ ನಂಬಿದ್ದೆ. ಅಂಡಾಣು, ವೀರ್ಯಾಣು ತಯಾರಾಗುವಾಗ ಜೋಡಿ ವರ್ಣತಂತುಗಳು ಅಲ್ಲಲ್ಲಿ ತುಂಡಾಗಿ ಅದಲು ಬದಲಾಗುತ್ತವೆ. ಪ್ರತಿ ಹುಟ್ಟಿನಲ್ಲೂ 100 ಸೆಂಟಿಮಾರ್ಗನ್ ಉದ್ದಕ್ಕೆ ಸರಾಸರಿ ಒಂದು ಕಡಿತ. ಆ ಅಜ್ಜನಿಂದ ನಿಮ್ಮವರೆಗೆ ಐದು ಹುಟ್ಟು, ಅವರವರೆಗೆ ಐದು. ಹತ್ತು ಹುಟ್ಟು ದಾಟಿ ಬಂದ ತುಣುಕಿನ ಸರಾಸರಿ ಉದ್ದ 10. ಇಷ್ಟೂ ಸರಿ. ಆದರೆ ಇದನ್ನೇ ತಿರುಗಿಸಿ, 10 ಕಂಡರೆ ಐದು ತಲೆಮಾರು ಎನ್ನುವಂತಿಲ್ಲ.

40 ತಲೆಮಾರಿನ ಹಿಂದಿನ ಪೂರ್ವಜನನ್ನು ತೆಗೆದುಕೊಳ್ಳಿ. ನಡುವೆ 80 ಹುಟ್ಟು, ಸರಾಸರಿ ಉದ್ದ 1.25. ಅಂಥ ತುಣುಕು 10ನ್ನು ಮೀರುವ ಸಾಧ್ಯತೆ ಸುಮಾರು 3,000ಕ್ಕೆ ಒಂದು. ಐದು ತಲೆಮಾರಿನದಾದರೆ ನೂರಕ್ಕೆ 37. ಹಾಗಿದ್ದರೂ ಹಳೆಯದೇ ಗೆಲ್ಲುವುದೇಕೆ? ಐದು ತಲೆಮಾರು ಮೇಲೆ ನಿಮಗಿರುವುದು 32 ಪೂರ್ವಜರು. 40 ತಲೆಮಾರು ಮೇಲೆ, ಕಾಗದದ ಲೆಕ್ಕದಲ್ಲಿ, ಒಂದು ಲಕ್ಷ ಕೋಟಿಗೂ ಹೆಚ್ಚು! ಅಷ್ಟು ಜನ ಭೂಮಿಯ ಮೇಲೆ ಇರಲೇ ಇಲ್ಲ. ಅದೇ ವ್ಯಕ್ತಿಗಳು ನಿಮ್ಮ ವಂಶವೃಕ್ಷದಲ್ಲೂ ಅವರದರಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಒಂದೊಂದು ದಾರಿಯಿಂದ ತುಣುಕು ಬರುವ ಸಾಧ್ಯತೆ ತೀರಾ ಸಣ್ಣದು, ದಾರಿಗಳ ಸಂಖ್ಯೆಗೆ ಮಾತ್ರ ಮಿತಿಯಿಲ್ಲ. ಈ ಲೆಕ್ಕವನ್ನು ಮೊದಲ ಬಾರಿ ಬರೆದು ನೋಡಿದ ದಿನ ನನಗೆ ಮೈ ಜುಮ್ಮೆಂದಿತ್ತು.

ವಿಜ್ಞಾನಿಗಳಾದ ಪೀಟರ್ ರಾಲ್ಫ್ ಮತ್ತು ಗ್ರಹಾಂ ಕೂಪ್ 2013ರಲ್ಲಿ 2,257 ಯುರೋಪಿಯನ್ನರ ಮಾಹಿತಿ ಇಟ್ಟುಕೊಂಡು ಇದನ್ನು ಅಳೆದರು. ಬ್ರಿಟನ್ನಿನ ಇಬ್ಬರ ನಡುವಿನ 10 ಸೆಂಟಿಮಾರ್ಗನ್ ತುಣುಕಿನ ವಯಸ್ಸು ಸಾಮಾನ್ಯವಾಗಿ 32ರಿಂದ 52 ತಲೆಮಾರು.

ಆ ಅಂಕಿಯನ್ನು ನಮಗೆ ಹಾಗೆಯೇ ಅನ್ವಯಿಸಬೇಡಿ. ತಲೆಮಾರುಗಟ್ಟಲೆ ಸಮುದಾಯದೊಳಗೇ ಹೆಣ್ಣು ಕೊಟ್ಟು ತಂದುಕೊಂಡವರು ನಾವು. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರೀಕ್ಷಿಸಿದ 2017ರ ಅಧ್ಯಯನವೊಂದರಲ್ಲಿ, 81 ಸಮುದಾಯಗಳು, ಕೆಲವೇ ಪೂರ್ವಜರಿಂದ ಬೆಳೆದವರೆಂದು ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಕಡಿಮೆ ಪೂರ್ವಜರಿಂದ ಬೆಳೆದ ಗುರುತು ತೋರಿದವು. ಅಂಥಲ್ಲಿ ಯಾವ ಇಬ್ಬರನ್ನು ಹಿಡಿದರೂ ಸಣ್ಣ ತುಣುಕುಗಳು ರಾಶಿ ಬೀಳುತ್ತವೆ. ಆದ್ದರಿಂದ ಎಲ್ಲ ತುಣುಕುಗಳ ಒಟ್ಟು ಉದ್ದಕ್ಕಿಂತ ಅತಿ ಉದ್ದದ ತುಣುಕನ್ನು ನೋಡಿ.

ನಿಮ್ಮ ತಂದೆ ತಾಯಿ ಒಪ್ಪಿದರೆ ಅವರದ್ದನ್ನೂ ಪರೀಕ್ಷಿಸಿ. ಆ ತುಣುಕು ಇಬ್ಬರಲ್ಲಿ ಒಬ್ಬರಲ್ಲೂ ಕಾಣದಿದ್ದರೆ ಅದು ಹುಸಿ ಹೊಂದಿಕೆ. ಅಜ್ಜನನ್ನು ಹುಡುಕುವ ಅಗತ್ಯವೇ ಇಲ್ಲ.